ಕತ್ತರಿ ಹಾಕೋ ಮುಂಚೆ ಒಮ್ಮೆ ಕೇರಿಗೆ ಬನ್ನಿ



ಪೋಸ್ಟ್ ಸ್ವಲ್ಪ ಉದ್ದ ಇದೆ. ವಿಷಯ ಕೇಳಿದ್ರೆ ನಿಮ್ಮಲ್ಲಿ ಅರ್ಧ ಜನ ನಗಬಹುದು. ಹಳೇ ಲ್ಯಾಂಡ್‌ಲೈನ್ ಫೋನಿನ ಬಗ್ಗೆ ಬರೀತಾ ಇದ್ದೀನಿ. "ಎಲ್ಲರ ಜೇಬಲ್ಲೂ ಮೊಬೈಲ್ ಇರೋ ಕಾಲದಲ್ಲಿ ಇದೇನಣ್ಣ ನಿನ್ನ ಗೋಳು" ಅಂತ ನಮ್ಮ ಹುಡುಗರೇ ಮೊನ್ನೆ ಸಂಘದ ಮೀಟಿಂಗ್‌ನಲ್ಲಿ ಕೇಳಿದರು. ಅವರಿಗೆ ಅಲ್ಲಿ ಸರಿಯಾಗಿ ಉತ್ತರ ಹೇಳೋಕೆ ಆಗಲಿಲ್ಲ. ಅದನ್ನೇ ಇಲ್ಲಿ ಕೂತು ಬರೀತಿದ್ದೀನಿ.

ನಮ್ಮದು ಮೂಡಿಗೆರೆ ಕಡೆಯ ಒಂದು ಕೇರಿ. ನಮ್ಮ ಅಂಬೇಡ್ಕರ್ ಸಂಘದ ಕೋಣೆಯಲ್ಲಿ ಒಂದು ಫೋನಿದೆ. ತಾಮ್ರದ ತಂತಿಯ ಫೋನು. ಅದರ ಮೇಲಿನ ಗೋಡೆಗೆ ಒಂದು ರಟ್ಟು ಅಂಟಿಸಿದ್ದೀವಿ. ಪೊಲೀಸ್ ಠಾಣೆ, ತಹಶೀಲ್ದಾರ್, ಆಸ್ಪತ್ರೆ, ಲೈನ್‌ಮನ್, ಡಿಎಸ್‌ಎಸ್ ಸಂಗಾತಿಗಳು, ಎಲ್ಲರ ನಂಬರೂ ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ ಬರೆದಿದೆ. ಈಗ ತಾಮ್ರ ತೆಗೆದು ಎಲ್ಲ ಫೈಬರ್ ಮಾಡ್ತಾರೆ, ಈ ಫೋನು ಇನ್ನು ಹೆಚ್ಚು ದಿನ ಇರಲ್ಲ ಅನ್ನೋ ಮಾತು ಬಂದಿದೆ. ನಮ್ಮಲ್ಲಿ ಮಾತ್ರ ಅಲ್ಲ, ದೇಶದಲ್ಲೇ, ಪ್ರಪಂಚದಲ್ಲೇ ಈ ಬದಲಾವಣೆ ನಡೀತಿದೆ.

ಮೊದಲೇ ಒಂದು ಮಾತು ಸ್ಪಷ್ಟ ಮಾಡ್ತೀನಿ. ನಾನು ಫೈಬರ್ ವಿರೋಧಿ ಅಲ್ಲ. ಹಳೆಯದೆಲ್ಲ ಚಿನ್ನ ಅನ್ನೋ ಮಾತನ್ನ ನಮ್ಮ ಜನ ಹೇಳೋಕೆ ಸಾಧ್ಯವೇ ಇಲ್ಲ. ಹಳೆಯದು ನಮಗೆ ಏನು ಕೊಟ್ಟಿದೆ ಅಂತ ನಮಗೆ ಗೊತ್ತು. ಹೊಸದು ಬರಲಿ, ಬೇಗ ಬರಲಿ, ಮೊದಲು ಕೇರಿಗೇ ಬರಲಿ. ನನ್ನ ತಕರಾರು ಒಂದೇ: ಹೊಸದು ಬಂದು ಕೆಲಸ ಮಾಡೋ ಮುಂಚೆ ಹಳೆಯದಕ್ಕೆ ಕತ್ತರಿ ಹಾಕಬೇಡಿ.

ಯಾಕೆ ಅಂತ ಹೇಳೋಕೆ ನಮ್ಮಪ್ಪನ ಕಥೆಯಿಂದ ಶುರು ಮಾಡಬೇಕು.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಟೆಲಿಫೋನ್ ಕೇಬಲ್ ಎಳೆದಾಗ ಗುಂಡಿ ತೋಡಿದವರು ನಮ್ಮ ಕೇರಿಯವರು. ಕಂಟ್ರಾಕ್ಟರ್ ಹತ್ರ ದಿನಗೂಲಿ. ರಸ್ತೆ ಪಕ್ಕ ಸೊಂಟದುದ್ದ ಗುಂಡಿ, ಅದರೊಳಗೆ ಕೇಬಲ್, ಮೇಲೆ ಮಣ್ಣು. ಅಪ್ಪನ ಅಂಗೈಲಿ ಹಾರೆ ಹಿಡಿದ ಗುಳ್ಳೆ ಒಡೆದು ಅವ್ವ ಎಣ್ಣೆ ಹಚ್ಚುತ್ತಿದ್ದದ್ದು ನನಗೆ ನೆನಪಿದೆ. ಆ ಗುಂಡಿ ಕೇರಿ ದಾರಿಯ ತಿರುವಿನ ತನಕ ಬಂತು. ಅಲ್ಲಿಂದ ಬಲಕ್ಕೆ ತಿರುಗಿ ಸಾಹುಕಾರ್ರ ಮನೆಗೆ ಹೋಯ್ತು. ಎಡಕ್ಕೆ ಬರಲಿಲ್ಲ. ಎಡಕ್ಕೆ ನಾವಿದ್ದೆವು.

ಆಮೇಲೆ ಹಲವು ವರ್ಷ ನಮ್ಮ ಸುತ್ತಮುತ್ತ ಇದ್ದದ್ದು ಅದೊಂದೇ ಫೋನು. ಜಗಲಿ ಮೇಲೆ ಒಂದು ಮೇಜು, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಕೂತಿರ್ತಿತ್ತು. ನಾವು ಅಂಗಳದಲ್ಲಿ ನಿಲ್ಲಬೇಕು. ಜಗಲಿ ಹತ್ತೋ ಹಾಗಿಲ್ಲ. ರಿಸೀವರ್ ನಮ್ಮ ಕೈಗೆ ಸಿಗ್ತಿರಲಿಲ್ಲ. ವಿಷಯ ಹೇಳಿದ್ರೆ ಅವರೇ ಮಾತಾಡಿ, ಆ ಕಡೆಯವರು ಏನಂದ್ರು ಅಂತ ನಮಗೆ ಹೇಳೋರು. ನನ್ನ ಅಜ್ಜಿ ತೀರಿಹೋದ ಸುದ್ದಿ ನಮಗೆ ಬಂದದ್ದು ಹಾಗೆ, ಅಂಗಳದಲ್ಲಿ ನಿಂತು, ಇನ್ನೊಬ್ಬರ ಬಾಯಲ್ಲಿ. ಅವ್ವ ಅಲ್ಲೇ ಕೂತು ಅತ್ತಳು. "ಇಲ್ಲಿ ಬೇಡ, ಮನೆಗೆ ಹೋಗು" ಅಂದರು.

ಆದ್ರೆ ನಾನು ಹೇಳಬೇಕಾದ್ದು ಇನ್ನೊಂದು ದಿನದ್ದು. ಕೂಲಿ ಬಾಕಿ ಕೇಳಿದ್ದಕ್ಕೆ ಚಿಕ್ಕಪ್ಪನಿಗೆ ತೋಟದ ಮೇಸ್ತ್ರಿ ಹೊಡೆದ. ಕಿವಿಯಿಂದ ರಕ್ತ ಬರ್ತಿತ್ತು. ಅಪ್ಪ ಠಾಣೆಗೆ ಫೋನ್ ಮಾಡಬೇಕು. ಇರೋದು ಒಂದೇ ಫೋನು. ಅದು ಯಾರ ಮನೆಯಲ್ಲಿ? ಆ ಮೇಸ್ತ್ರಿಯನ್ನ ಇಟ್ಟುಕೊಂಡವರ ಮನೆಯಲ್ಲೇ. ಅಪ್ಪ ಅಂಗಳದ ತನಕ ಹೋದರು. "ಯಾರಿಗೆ ಫೋನು? ಏನು ವಿಷಯ?" ಅಂತ ಕೇಳಿದರಂತೆ. ಅಪ್ಪ ಏನೂ ಇಲ್ಲ ಅಂತ ವಾಪಸ್ ಬಂದು, ಚಿಕ್ಕಪ್ಪನನ್ನ ಕರ್ಕೊಂಡು ಪೇಟೆಗೆ ನಡೆದುಕೊಂಡೇ ಹೊರಟರು. ಠಾಣೆ ಮುಟ್ಟುವಾಗ ರಾತ್ರಿ. "ನಾಳೆ ಬನ್ನಿ." ಮಾರನೇ ದಿನ ಬರೆಸಿಕೊಂಡರು. ಆಮೇಲೆ ಕೋರ್ಟಲ್ಲಿ ಎದುರು ವಕೀಲರು ಕೇಳಿದ ಮೊದಲ ಪ್ರಶ್ನೆ: "ದೂರು ಕೊಡೋಕೆ ಇಷ್ಟು ತಡ ಯಾಕಾಯ್ತು?"

ದೌರ್ಜನ್ಯದ ಕೇಸುಗಳಲ್ಲಿ ಓಡಾಡಿದ ಸಂಗಾತಿಗಳಿಗೆ ಈ ಪ್ರಶ್ನೆಯ ತೂಕ ಗೊತ್ತಿದೆ. ದೂರು ತಡವಾಯ್ತು ಅನ್ನೋ ಒಂದೇ ಎಳೆ ಹಿಡಿದು ಇಡೀ ಕೇಸನ್ನ ಎಳೆದು ಬಿಚ್ಚಿಬಿಡ್ತಾರೆ. 1989ರ ಕಾಯ್ದೆ ನಮ್ಮ ಕೈಯಲ್ಲಿತ್ತು. ಫೋನು ಇರಲಿಲ್ಲ.

ಹಾಗಾಗಿ ನನಗೆ ಫೋನು ಅಂದ್ರೆ ಸಾಮಾನಲ್ಲ. ಯಾರನ್ನೂ ಕೇಳದೆ, ಯಾರ ಅಂಗಳದಲ್ಲೂ ನಿಲ್ಲದೆ, ಹೊರಗಿನ ಪ್ರಪಂಚಕ್ಕೆ "ಇಲ್ಲಿ ಹೀಗಾಗ್ತಿದೆ" ಅಂತ ಹೇಳೋ ಶಕ್ತಿ. ಬಸ್‌ಸ್ಟ್ಯಾಂಡಲ್ಲಿ ಒಂದು ರೂಪಾಯಿ ಕಾಯಿನ್ ಡಬ್ಬಿ ಬಂದಾಗ ನಾವು ಹುಡುಗರು ಕ್ಯೂ ನಿಂತು, ಹೇಳೋಕೆ ಏನೂ ಇಲ್ಲದಿದ್ರೂ ಫೋನ್ ಮಾಡ್ತಿದ್ದೆವು. ಆ ಡಬ್ಬಿ ಯಾರ ಕೈಯ ರೂಪಾಯಿ ಅಂತ ನೋಡ್ತಿರಲಿಲ್ಲ. ಸಂಘದ ಕೋಣೆಗೆ ಲೈನ್ ಬಂದದ್ದು 2001ರಲ್ಲಿ. ಅರ್ಜಿ ಹಾಕಿ, ಅಲೆದು, ಧರಣಿ ಕೂತು ತಂದದ್ದು. ಆ ತಿರುವಿನಿಂದ ಎಡಕ್ಕೆ ಗುಂಡಿ ತೋಡೋಕೆ ಅಪ್ಪ ಕೂಲಿ ಕೇಳಲಿಲ್ಲ.

ಈಗ ತಂತ್ರಜ್ಞಾನದ ಮಾತಿಗೆ ಬರ್ತೀನಿ. ಇದು ಗೊತ್ತಿಲ್ಲದೆ ವಾದ ಮಾಡಿದ್ರೆ ನಮ್ಮನ್ನ ಸುಲಭವಾಗಿ ಬಾಯಿ ಮುಚ್ಚಿಸ್ತಾರೆ.

ತಾಮ್ರದ ಲ್ಯಾಂಡ್‌ಲೈನ್‌ಗೆ ನಮ್ಮ ಮನೆ ಕರೆಂಟು ಬೇಡ. ಎಕ್ಸ್‌ಚೇಂಜಿಂದಲೇ 48 ವೋಲ್ಟ್ ಅದೇ ತಂತಿಯಲ್ಲಿ ಬರುತ್ತೆ. ಎಕ್ಸ್‌ಚೇಂಜಲ್ಲಿ ಬ್ಯಾಟರಿಗಳ ಸಾಲು ಇರುತ್ತೆ, ಡೀಸೆಲ್ ಜನರೇಟರ್ ಇರುತ್ತೆ. ಅಂದ್ರೆ ಊರೆಲ್ಲ ಕತ್ತಲಾದ್ರೂ ಫೋನಿಗೆ ಜೀವ ಇರುತ್ತೆ. ಫೈಬರ್ ಹಾಗಲ್ಲ. ಅದರಲ್ಲಿ ಹರಿಯೋದು ಬೆಳಕು. ಆ ಬೆಳಕನ್ನ ಮಾತಾಗಿ ಬದಲಾಯಿಸೋ ಡಬ್ಬಿ ನಮ್ಮ ಮನೆ ಗೋಡೆ ಮೇಲೆ ಇರುತ್ತೆ, ನಮ್ಮ ಮನೆ ಕರೆಂಟಲ್ಲಿ ಓಡುತ್ತೆ. ಕರೆಂಟ್ ಹೋದ ಕ್ಷಣ ಫೋನೂ ಸತ್ತಿತು. ಯುಪಿಎಸ್ ಇಟ್ಟರೆ ಒಂದಿಷ್ಟು ಗಂಟೆ. ಅಂದ್ರೆ ಕರೆಂಟಿನ ಜವಾಬ್ದಾರಿ ಮೊದಲು ಎಕ್ಸ್‌ಚೇಂಜಿನದ್ದಾಗಿತ್ತು, ಈಗ ಸದ್ದಿಲ್ಲದೆ ನಮ್ಮ ತಲೆ ಮೇಲೆ ಬಂತು. ಬ್ಯಾಟರಿ ಕೊಳ್ಳೋ ದುಡ್ಡಿದ್ದವನ ಮನೇಲಿ ಫೋನು, ಇಲ್ಲದವನ ಮನೇಲಿ ಕತ್ತಲು.

ನ್ಯಾಯವಾಗಿ ಆ ಕಡೆಯ ಮಾತನ್ನೂ ಹೇಳಬೇಕು. ತಾಮ್ರಕ್ಕೆ ತುಕ್ಕು ಹಿಡಿಯುತ್ತೆ, ಜಾಯಿಂಟಿಗೆ ನೀರು ಹೋಗುತ್ತೆ, ಕಳ್ಳರು ಕೇಬಲ್ಲೇ ಅಗೆದುಕೊಂಡು ಹೋಗ್ತಾರೆ. ಹಳೇ ಎಕ್ಸ್‌ಚೇಂಜಿನ ಬಿಡಿಭಾಗ ಸಿಗಲ್ಲ. ಲೈನ್ ಗೊತ್ತಿದ್ದ ಜನ ಮನೆಗೆ ಹೋದರು. 2020ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನಿಂದ ಸುಮಾರು 78 ಸಾವಿರ ನೌಕರರು ಒಂದೇ ಸಲಕ್ಕೆ ಸ್ವಯಂ ನಿವೃತ್ತಿ ತಗೊಂಡರು. ಫೈಬರ್‌ಗೆ ನೀರಿನ ಭಯ ಇಲ್ಲ, ಅದರ ವೇಗಕ್ಕೆ ತಾಮ್ರ ಸಾಟಿಯೂ ಅಲ್ಲ. ನಮ್ಮ ಮಕ್ಕಳ ಆನ್‌ಲೈನ್ ಪಾಠಕ್ಕೆ, ಅರ್ಜಿಗೆ, ಸ್ಕಾಲರ್‌ಶಿಪ್ಪಿಗೆ ಬೇಕಾಗಿರೋದು ಅದೇ. ಇದೆಲ್ಲ ಒಪ್ಪಿದೆ.

ತಾಮ್ರ ದೇವರೂ ಅಲ್ಲ. 2019ರ ಆಗಸ್ಟ್ ಮಳೆ ನಮ್ಮ ತಾಲ್ಲೂಕಿನವರಿಗೆ ಮರೆಯೋ ಹಾಗಿಲ್ಲ. ಗುಡ್ಡ ಕುಸಿದು, ರಸ್ತೆ ಹೋಗಿ, ಕರೆಂಟ್ ಇಲ್ಲದೆ ದಿನಗಟ್ಟಲೆ ಕೂತೆವು. ನಮ್ಮಲ್ಲಿ ಮೊಬೈಲ್ ಟವರ್ ಎರಡನೇ ದಿನ ಸತ್ತಿತು, ಬ್ಯಾಟರಿ ಮುಗಿದು. ಸಂಘದ ಫೋನು ಮಾತ್ರ ರಿಂಗಾಗ್ತಿತ್ತು. ಮೂರನೇ ರಾತ್ರಿ ಒಂದು ಮನೆಯ ಮಣ್ಣಿನ ಗೋಡೆ ಬಿದ್ದು ಒಬ್ಬ ಅಜ್ಜಿಯ ಕಾಲು ಅದರಡಿ ಸಿಕ್ಕಿತು. ಟಾರ್ಚ್ ಬೆಳಕಲ್ಲಿ ಗೋಡೆಯ ರಟ್ಟು ನೋಡಿ ಆ ಫೋನಿಂದ ಆಸ್ಪತ್ರೆಗೂ ತಾಲ್ಲೂಕು ಕಚೇರಿಗೂ ಹೇಳಿದೆವು. ಬೆಳಿಗ್ಗೆ ಜೀಪ್ ಬಂತು. ಅಜ್ಜಿ ಈಗಲೂ ಕುಂಟಿಕೊಂಡೇ ಬಂದು ಸಂಘದ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕ್ತಾಳೆ. ನಾಲ್ಕನೇ ದಿನ ಲೈನ್ ಮೇಲೆ ಮರ ಬಿತ್ತು, ಆ ಫೋನೂ ಸತ್ತಿತು. ಹದಿನೈದು ದಿನ ಅದರಲ್ಲಿ ಸದ್ದೇ ಇರಲಿಲ್ಲ. ಆದ್ರೆ ಮೂರನೇ ರಾತ್ರಿ ಅದು ಇತ್ತು. ನನ್ನ ವಾದ ಇಷ್ಟೇ. ಅದರ ಜಾಗಕ್ಕೆ ಬರೋದು ಮೂರನೇ ರಾತ್ರಿ ಇರುತ್ತಾ?

"ಮೊಬೈಲ್ ಇದೆಯಲ್ಲ" ಅನ್ನೋರಿಗೆ ಒಂದು ಪ್ರಶ್ನೆ. ನಮ್ಮ ಕೇರಿಯಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತೆ ಗೊತ್ತಾ? ಗುಡ್ಡದ ತುದಿಯಲ್ಲಿ. ಗುಡ್ಡದ ತುದಿ ಯಾರ ತೋಟದಲ್ಲಿದೆ? ಬೇಲಿ ಇದೆ, ಗೇಟಿದೆ, ನಾಯಿ ಇದೆ. ಕೊರೊನಾ ಕಾಲದಲ್ಲಿ ನಮ್ಮ ಹುಡುಗಿಯರು ಕೊಡೆ ಹಿಡ್ಕೊಂಡು ಆ ಬೇಲಿ ಪಕ್ಕ ನಿಂತು ಪಾಠ ಕೇಳಿದ್ದಾರೆ. ಅದೇ ಸಮಯದಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಬೋರ್ಡ್ ಹಾಕಿದ್ದು ನಿಮಗೆ ನೆನಪಿರಬಹುದು. ಇನ್ನು ಫೈಬರ್ ಮೊದಲು ಯಾರ ಮನೆಗೆ ಬರುತ್ತೆ? ದುಡ್ಡು ಕಟ್ಟೋರ ಮನೆಗೆ. ಹುಡುಗರು ಈಗಾಗಲೇ ಆ ಮನೆಯ ಕಾಂಪೌಂಡ್ ಹೊರಗೆ ನಿಂತು ವೈಫೈ ಪಾಸ್‌ವರ್ಡ್ ಕೇಳ್ತಾರೆ. ಅಪ್ಪ ಅಂಗಳದಲ್ಲಿ ನಿಂತಿದ್ದರು, ಮಗ ಕಾಂಪೌಂಡ್ ಹೊರಗೆ. ಮೂವತ್ತು ವರ್ಷದಲ್ಲಿ ನಾವು ಮುಂದೆ ಹೋಗಿದ್ದೀವೋ ಹಿಂದೆ ಬಂದಿದ್ದೀವೋ ನೀವೇ ಹೇಳಿ.

ಇದು ಬಡ ದೇಶದ ಗೋಳು, ಮುಂದುವರಿದ ದೇಶಗಳಲ್ಲಿ ಹೀಗಿಲ್ಲ ಅಂತ ಯಾರಾದರೂ ಅಂದ್ರೆ, ಅಲ್ಲಿ ಏನಾಯ್ತು ಅಂತ ನೋಡಿ.

ಬ್ರಿಟನ್‌ನಲ್ಲಿ 2025ರ ಕೊನೆಗೆ ಹಳೇ ಫೋನ್ ಜಾಲ ಪೂರ್ತಿ ಮುಚ್ಚಬೇಕು ಅಂತ ಇತ್ತು. 2021ರ ನವೆಂಬರ್‌ನಲ್ಲಿ ಆರ್ವೆನ್ ಅನ್ನೋ ಬಿರುಗಾಳಿ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟ್ ಹೋಯ್ತು, ಸುಮಾರು 4 ಸಾವಿರ ಮನೆಗಳಿಗೆ ವಾರ ಕಳೆದ್ರೂ ಬರಲಿಲ್ಲ. ಅಲ್ಲಿನ ನಿಯಂತ್ರಕರ ಮಾರ್ಗಸೂಚಿ ಪ್ರಕಾರ, ಲ್ಯಾಂಡ್‌ಲೈನೇ ಗತಿ ಅನ್ನೋರಿಗೆ ಕಂಪನಿಗಳು ಕೊಡಬೇಕಾದ ಪರ್ಯಾಯ ಕರೆಂಟಿಲ್ಲದಾಗ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡೋಕೆ ಬಂದರೆ ಸಾಕು. ವಾರದ ಕತ್ತಲಿಗೆ ಒಂದು ಗಂಟೆಯ ಬ್ಯಾಟರಿ! 2022ರ ಮಾರ್ಚ್‌ನಲ್ಲಿ ಬಿಟಿ ಕಂಪನಿ ತಾನೇ ಈ ಬದಲಾವಣೆಯನ್ನ ನಿಲ್ಲಿಸಬೇಕಾಯ್ತು. ಆ ದೇಶದಲ್ಲಿ ಕುತ್ತಿಗೆಗೆ ಕಟ್ಟಿಕೊಂಡ ಗುಂಡಿ ಒತ್ತಿದ್ರೆ ಸಹಾಯಕ್ಕೆ ಕರೆ ಹೋಗೋ ವ್ಯವಸ್ಥೆಯನ್ನ ನಂಬಿ ಬದುಕೋ ಮುದುಕರು, ಅಂಗವಿಕಲರು ಸುಮಾರು 18 ಲಕ್ಷ. ಲೈನ್ ಬದಲಾದ ಮೇಲೆ ಕೆಲವರ ಗುಂಡಿ ಒತ್ತಿದ್ರೂ ಕರೆ ಹೋಗದ ಗಂಭೀರ ಪ್ರಕರಣಗಳು ಹೊರಗೆ ಬಂದವು. 2023ರ ಡಿಸೆಂಬರ್‌ನಲ್ಲಿ ಸರ್ಕಾರ ಕಂಪನಿಗಳನ್ನ ಕೂರಿಸಿ, ಒಪ್ಪದವರನ್ನ ಬಲವಂತವಾಗಿ ಬದಲಿಸೋದನ್ನ ನಿಲ್ಲಿಸಿ ಅಂತ ಬರೆಸಿಕೊಂಡಿತು. 2024ರಲ್ಲಿ ಕೊನೆಯ ದಿನವನ್ನೇ 2027ರ ಜನವರಿ 31ಕ್ಕೆ ಮುಂದೂಡಿದರು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಹೋರಾಟ. ಅಲ್ಲಿ ಎಟಿ ಅಂಡ್ ಟಿ ಕಂಪನಿಗೆ ಒಂದು ಬಾಧ್ಯತೆ ಇದೆ: ತನ್ನ ವ್ಯಾಪ್ತಿಯಲ್ಲಿ ಯಾರು ಫೋನ್ ಕೇಳಿದ್ರೂ ಕೊಡಲೇಬೇಕು, ಲಾಭ ಇಲ್ಲ ಅಂತ ಬಿಟ್ಟುಹೋಗೋ ಹಾಗಿಲ್ಲ. ಇದರಿಂದ ಬಿಡುಗಡೆ ಕೊಡಿ ಅಂತ 2023ರಲ್ಲಿ ಕಂಪನಿ ಅರ್ಜಿ ಹಾಕಿತು. ಕಾಡ್ಗಿಚ್ಚು ಬೀಳೋ ಗುಡ್ಡಗಾಡಿನ ಜನ, ವಯಸ್ಸಾದವರು ಸಾರ್ವಜನಿಕ ವಿಚಾರಣೆಗಳಿಗೆ ಬಂದು, ನಮ್ಮಲ್ಲಿ ಮೊಬೈಲ್ ಸಿಗಲ್ಲ, ಬೆಂಕಿ ಬಂದಾಗ ಈ ಫೋನೇ ಗತಿ ಅಂತ ಹೇಳಿದರು. 2024ರ ಜೂನ್‌ನಲ್ಲಿ ಅಲ್ಲಿನ ಆಯೋಗ ಅರ್ಜಿಯನ್ನ ತಿರಸ್ಕರಿಸಿತು. ಆದ್ರೆ ಆ ನಿಯಮಗಳನ್ನೇ ಮರುಪರಿಶೀಲಿಸೋ ಕೆಲಸವೂ ಅದೇ ತಿಂಗಳು ಶುರುವಾಯ್ತು. ಗೆದ್ದೆವು ಅಂತ ಮಲಗೋ ಹಾಗಿಲ್ಲ.

ಈ ಎರಡು ಕಥೆಯಿಂದ ನನಗೆ ಅರ್ಥ ಆಗಿದ್ದು ಇದು. ತಾಮ್ರದ ತಂತಿಯ ಜೊತೆ ಒಂದು ಮಾತು ಅಂಟಿಕೊಂಡಿತ್ತು: ಎಲ್ಲರಿಗೂ ಕೊಡ್ತೀವಿ, ಕತ್ತಲಲ್ಲೂ ಕೊಡ್ತೀವಿ. ತಂತಿ ಹಳೇದಾಯ್ತು ಅಂತ ಕಿತ್ತು ಹಾಕುವಾಗ ಆ ಮಾತನ್ನೂ ಅದರ ಜೊತೆಗೇ ಗುಜರಿಗೆ ಹಾಕ್ತಾರೆ. ನಾವು ಉಳಿಸಬೇಕಾಗಿರೋದು ಆ ಮಾತನ್ನ. ಆ ಮಾತು ಹೊಸ ತಂತಿಗೆ ದಾಟೋ ತನಕ ಹಳೇ ತಂತಿಯನ್ನ ಬಿಡಬಾರದು.

ನಮ್ಮ ದೇಶದಲ್ಲೂ ಆ ಮಾತು ಇತ್ತು. ಹವಾನಿಯಂತ್ರಣ ಇಲ್ಲದೆಯೂ ಹಳ್ಳಿಯ ಬಿಸಿಲು ಧೂಳಿನಲ್ಲಿ ನಡೆಯೋ ಸಣ್ಣ ಎಕ್ಸ್‌ಚೇಂಜನ್ನ ಸಿ-ಡಾಟ್ ಎಂಜಿನಿಯರುಗಳು ಇಲ್ಲೇ ಕಟ್ಟಿದರು. 128 ಲೈನಿನದ್ದು. 1986ರಲ್ಲಿ ಅದು ಮೊದಲು ಶುರುವಾದದ್ದು ನಮ್ಮ ಕಿತ್ತೂರಿನಲ್ಲೇ. ಹಳ್ಳಿಗೂ ಫೋನು ಹೋಗಲೇಬೇಕು ಅನ್ನೋ ಹಟದಿಂದ ಹುಟ್ಟಿದ ಯಂತ್ರ ಅದು. ಆಮೇಲೆ ಕಂಪನಿಗಳ ಆದಾಯದಲ್ಲಿ ಶೇಕಡ 5ನ್ನ ತೆಗೆದು ಲಾಭ ಇಲ್ಲದ ಜಾಗಕ್ಕೂ ಫೋನು ಕೊಡೋ ನಿಧಿ ಮಾಡಿದರು. 2003ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದರ ಹೆಸರು ಡಿಜಿಟಲ್ ಭಾರತ್ ನಿಧಿ ಅಂತ ಆಯ್ತು. ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆದದ್ದು ಇದೇ ನಿಧಿಯಿಂದ.

ಪಂಚಾಯಿತಿ ಆಫೀಸು ಎಲ್ಲಿರುತ್ತೆ? ಊರಲ್ಲಿ. ಕೇರಿ ಎಲ್ಲಿರುತ್ತೆ? ಊರ ಹೊರಗೆ. ನಕ್ಷೆಯಲ್ಲಿ ಹಳ್ಳಿಗೆ ಫೈಬರ್ ಮುಟ್ಟಿದೆ ಅಂತ ಹಸಿರು ಚುಕ್ಕಿ ಇಟ್ಟರೆ, ಅದು ತಿರುವಿನಿಂದ ಬಲಕ್ಕೆ ಹೋಯ್ತೋ ಎಡಕ್ಕೆ ಬಂತೋ ಅಂತ ಆ ಚುಕ್ಕಿ ಹೇಳಲ್ಲ. ಬಾಬಾಸಾಹೇಬರು 1927ರಲ್ಲಿ ಮಹಾಡಿಗೆ ಹೋದಾಗ ಚವದಾರ್ ಕೆರೆ ಕಾಗದದ ಮೇಲೆ ಆಗಲೇ ಎಲ್ಲರದ್ದಾಗಿತ್ತು. ಪುರಸಭೆ ನಿರ್ಣಯ ಮಾಡಿತ್ತು. ನೀರು ಮಾತ್ರ ನಮ್ಮದಾಗಿರಲಿಲ್ಲ. ಕಾಗದದ ಮೇಲೆ ಇರೋದಕ್ಕೂ ಕೈಗೆ ಸಿಗೋದಕ್ಕೂ ಎಷ್ಟು ದೂರ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಅದೇ ಬಾಬಾಸಾಹೇಬರು ನಲವತ್ತರ ದಶಕದಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ನೀರಾವರಿ, ವಿದ್ಯುತ್ತಿನ ಯೋಜನೆಗಳ ಹಿಂದೆ ಬಿದ್ದರು. ಕರೆಂಟು, ತಂತಿ, ಕಂಬ ಇವೆಲ್ಲ ಎಂಜಿನಿಯರುಗಳ ವಿಷಯ, ನಮಗ್ಯಾಕೆ ಅಂತ ಅವರು ಬಿಡಲಿಲ್ಲ. ನಾವೂ ಬಿಡಬಾರದು.

ಇನ್ನೊಂದು ಮಾತು. ಕಿತ್ತ ತಾಮ್ರ ಕಸ ಅಲ್ಲ, ದುಡ್ಡು. ಬ್ರಿಟನ್‌ನ ಬಿಟಿ ಕಂಪನಿ ಹಳೇ ತಾಮ್ರದ ಒಂದು ಒಪ್ಪಂದದಿಂದಲೇ 10.5 ಕೋಟಿ ಪೌಂಡ್ ಪಡೆಯಿತು. ನಮ್ಮಲ್ಲಿ ಆ ತಂತಿ ಕೊನೆಗೆ ಯಾರ ಕೈಗೆ ಬರುತ್ತೆ? ಗುಜರಿ ಆಯೋ ಮಕ್ಕಳ ಕೈಗೆ. ಪ್ಲಾಸ್ಟಿಕ್ ಸುಟ್ಟು ತಾಮ್ರ ತೆಗೆಯೋ ಆ ಕಪ್ಪು ಹೊಗೆ ವಿಷ. ಅದನ್ನ ಕುಡಿಯೋದು ದಲಿತರ, ಮುಸ್ಲಿಮರ ಬಸ್ತಿಗಳೇ. ಹೂಳುವಾಗ ನಮ್ಮ ಕೈಯ ಗುಳ್ಳೆ, ಕೀಳುವಾಗ ನಮ್ಮ ಎದೆಯ ಹೊಗೆ. ನಡುವೆ ಫೋನು ಮಾತ್ರ ಬೇರೆಯವರದ್ದು.

ಹಾಗಾದ್ರೆ ನಾವು ಕೇಳೋದೇನು? ಸಂಘದಲ್ಲಿ ಚರ್ಚೆ ಮಾಡಿ ಬರೆದದ್ದು ಇಲ್ಲಿದೆ. ನಿಮ್ಮ ಊರಿಗೆ ಹೊಂದೋ ಹಾಗೆ ಬದಲಾಯಿಸಿಕೊಳ್ಳಿ.

1. ಪರ್ಯಾಯ ಮೊದಲು, ಕತ್ತರಿ ಆಮೇಲೆ. ಹೊಸ ಲೈನ್ ಕೇರಿಯಲ್ಲಿ ಒಂದು ಪೂರ್ತಿ ಮಳೆಗಾಲ ನಡೆದು ತೋರಿಸಬೇಕು. ಅದು ನಡೀತಿದೆ ಅಂತ ಗ್ರಾಮಸಭೆ ಹೇಳಬೇಕು, ಆಫೀಸಿನ ನಕ್ಷೆ ಅಲ್ಲ.

2. ಪ್ರತಿ ಕೇರಿ, ಕಾಲೋನಿ, ಹಾಡಿ, ತೋಟದ ಲೈನ್ ಮನೆಗಳಿಗೆ ಕನಿಷ್ಠ ಒಂದು ಸಾರ್ವಜನಿಕ ಫೋನು. ಅಂಗನವಾಡಿ, ಸಂಘದ ಕೋಣೆ, ಸಮುದಾಯ ಭವನ, ಎಲ್ಲಾದ್ರೂ ಸರಿ. ಯಾರ ಅಪ್ಪಣೆಯೂ ಬೇಕಾಗದ ಜಾಗದಲ್ಲಿ.

3. ಆ ಫೋನಿಗೆ ಬ್ಯಾಟರಿ ಮತ್ತು ಸೋಲಾರ್ ಸರ್ಕಾರದ ಖರ್ಚಲ್ಲಿ. ಒಂದು ಗಂಟೆಯದ್ದಲ್ಲ, ಮಲೆನಾಡಿನ ಮಳೆಗೆ ತಕ್ಕದ್ದು. ಒಂಟಿಯಾಗಿರೋ ವೃದ್ಧರು, ರೋಗಿಗಳು, ಅಂಗವಿಕಲರ ಮನೆಗೂ ಉಚಿತ ಬ್ಯಾಟರಿ.

4. ಮಳೆ ಜಿಲ್ಲೆಗಳ ಮೊಬೈಲ್ ಟವರ್‌ಗಳಿಗೆ ಮಳೆಗಾಲಕ್ಕೆ ಮುಂಚೆಯೇ ಬ್ಯಾಟರಿ, ಡೀಸೆಲ್ ತಪಾಸಣೆ. ವರದಿ ಪಂಚಾಯಿತಿ ಬೋರ್ಡಿನಲ್ಲಿ.

5. ತಾಮ್ರ ಮಾರಿದ ದುಡ್ಡಲ್ಲಿ ಮೊದಲ ಪಾಲು ಈ ಕೆಲಸಕ್ಕೆ. ತಂತಿ ಸುಡೋದು ನಿಲ್ಲಲಿ, ಬಿಚ್ಚೋ ಕೆಲಸ ಯಂತ್ರದಲ್ಲಿ, ಮಾಡೋರಿಗೆ ಕೂಲಿ ಮತ್ತು ರಕ್ಷಣೆ.

6. ನಂಬರ್ ಬದಲಾಗಬಾರದು. ಇಪ್ಪತ್ತು ವರ್ಷದಿಂದ ಜನರ ಬಾಯಲ್ಲಿರೋ ನಂಬರು ಅದು.

ದೌರ್ಜನ್ಯ ತಡೆಗೆ ರಾಷ್ಟ್ರೀಯ ಸಹಾಯವಾಣಿ 14566 ಅಂತ 2021ರ ಡಿಸೆಂಬರ್‌ನಲ್ಲಿ ಶುರು ಮಾಡಿದರು. ಒಳ್ಳೇ ಕೆಲಸ. ನಮ್ಮ ರಟ್ಟಿನ ಮೇಲೆ ಅದನ್ನೂ ಬರೆದಿದ್ದೀವಿ, ಕೆಂಪು ಅಕ್ಷರದಲ್ಲಿ. ಆದ್ರೆ ಆ ಐದು ಅಂಕಿ ಒತ್ತೋಕೆ ಒಂದು ಫೋನು ಬೇಕಲ್ಲ. ಅದು ಹೊಡೆದವನ ಬೇಲಿಯೊಳಗೆ ಇರಬಾರದಲ್ಲ.

ಅಪ್ಪ ಈಗ ಇಲ್ಲ. ಅವರು ತೋಡಿದ ಗುಂಡಿಯಲ್ಲಿ ಆ ಕೇಬಲ್ ಇನ್ನೂ ಮಲಗಿದೆ. ಅದನ್ನ ಕೀಳೋಕೆ ಬರೋರನ್ನ ನಾವು ಕಲ್ಲು ಹಿಡಿದು ಅಡ್ಡಗಟ್ಟಲ್ಲ. ಬಂದೋರಿಗೆ ಕಾಫಿ ಕೊಟ್ಟು ಕೂರಿಸ್ತೀವಿ. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ, "ಈಗ ನಿಮ್ಮ ಹೊಸ ಫೋನಿಂದ ಠಾಣೆಗೆ ಒಂದು ಕರೆ ಮಾಡಿ ಸಾರ್" ಅಂತೀವಿ. ರಿಂಗಾದ್ರೆ ಹಾರೆ ನಾವೇ ತಂದು ಕೊಡ್ತೀವಿ.

ನಿಮ್ಮ ಕೇರಿಯಲ್ಲಿ ಕರೆಂಟ್ ಹೋದಾಗ ಯಾವ ಫೋನು ಕೆಲಸ ಮಾಡುತ್ತೆ, ಸಿಗ್ನಲ್ ಎಲ್ಲಿ ಸಿಗುತ್ತೆ, ಆ ಜಾಗ ಯಾರದ್ದು, ಫೈಬರ್ ಎಲ್ಲಿ ತನಕ ಬಂದು ನಿಂತಿದೆ, ಕೆಳಗೆ ಬರೀರಿ. ತಾಲ್ಲೂಕುವಾರು ಪಟ್ಟಿ ಮಾಡಿ ಜಿಲ್ಲಾಧಿಕಾರಿಗೆ ಕೊಡೋಣ. ಈ ಮಳೆಗಾಲಕ್ಕೆ ಮುಂಚೆ.

ಜೈಭೀಮ್.